ನಾಲ್ಕರಲ್ಲಿ ಮಾತ್ರ ಓಡುವ ಫ್ಯಾನು

ಕಾರಿನ ಫ್ಯಾನಿನ ಗುಂಡಿಯನ್ನು ಒಂದಕ್ಕೆ ತಿರುಗಿಸಿದರೆ ಸದ್ದಿಲ್ಲ. ಎರಡಕ್ಕೆ ತಿರುಗಿಸಿದರೂ ಇಲ್ಲ, ಮೂರಕ್ಕೂ ಇಲ್ಲ. ನಾಲ್ಕಕ್ಕೆ ಬಂದೊಡನೆ ಭರ್ರೆಂದು ಬಿರುಗಾಳಿ! ಹಳೆಯ ಕಾರು ಇಟ್ಟುಕೊಂಡ ಮನೆಗಳಲ್ಲಿ ಇದು ಹೊಸ ದೂರೇನಲ್ಲ. ‘ನಾಲ್ಕಾದರೂ ಇದೆಯಲ್ಲ, ಸಾಕು ಬಿಡಿ’ ಎಂದು ಮುಂದೂಡುವವರು ಕೆಲವರು. ‘ಎ.ಸಿ. ಹೋಯಿತು, ಸಾವಿರಾರು ರೂಪಾಯಿಗೆ ದಾರಿಯಾಯಿತು’ ಎಂದು ಹೆದರುವವರು ಇನ್ನು ಕೆಲವರು. ಈ ಮುಂದೂಡಿಕೆಯೂ ಬೇಡ, ಆ ಹೆದರಿಕೆಯೂ ಬೇಡ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿರುವ ವಿದ್ಯುತ್ತಿನ ಪಾಠವೊಂದು ನೆನಪಿದ್ದರೆ ಈ ರೋಗದ ಮೂಲವನ್ನು ಕುಳಿತಲ್ಲೇ ಗುರುತಿಸಬಹುದು.

ಗಾಳಿ ಬಾರದಿದ್ದರೆ ಸ್ವಲ್ಪ ಸೆಖೆಯಾಗುತ್ತದೆ, ಅಷ್ಟೇ ತಾನೆ ಎಂದು ಯಾರಾದರೂ ಕೇಳಬಹುದು. ಅಷ್ಟೇ ಅಲ್ಲ. ನಮ್ಮ ಕೋಲಾರ ಸೀಮೆ ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಮುಳಬಾಗಿಲಿನಿಂದ ಕೋಲಾರದ ಕಡೆಗೆ ಹೆದ್ದಾರಿಯಲ್ಲಿ ಬಂದವರಿಗೆ ಆ ಚಳಿ ಗೊತ್ತು. ಹಿಂದೆ ನಾಲ್ಕನೆಯ ನಂಬರಿನದಾಗಿದ್ದು ಈಗ ಎಪ್ಪತ್ತೈದನೆಯ ನಂಬರು ಪಡೆದಿರುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೆಂಗಳೂರು–ಚೆನ್ನೈ ಲಾರಿಗಳು ಆ ಹೊತ್ತಿನಲ್ಲೂ ಸಾಲುಗಟ್ಟಿ ಓಡುತ್ತಿರುತ್ತವೆ. ಮಕ್ಕಳನ್ನು ಬೆಳಗಿನ ಟ್ಯೂಷನ್ನಿಗೋ ಬೆಂಗಳೂರಿನ ಕಾಲೇಜಿಗೋ ಬಿಡಲು ಹೊರಟ ಕಾರಿನೊಳಗೆ ನಾಲ್ಕು ಜನರ ಉಸಿರು. ಆ ಉಸಿರಿನ ತೇವ ತಣ್ಣಗಿನ ಮುಂಗಾಜಿಗೆ ತಗಲಿ ಹನಿಗಟ್ಟುತ್ತದೆ. ಗಾಜು ಬೆಳ್ಳಗಾಗುತ್ತದೆ. ವೈಪರು ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಏಕೆಂದರೆ ಆವಿ ಇರುವುದು ಒಳಗೆ. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ಟವೆಲು ಹಿಡಿದು ಕಾರು ಓಡಿಸುವ ತಂದೆಯ ಪಕ್ಕದಲ್ಲಿ ಮಗು ಕುಳಿತಿರುತ್ತದೆ. ಮುಂಗಾಜಿಗೆ ಗಾಳಿ ಊದುವ ಫ್ಯಾನು ಸೌಕರ್ಯದ ವಸ್ತುವಲ್ಲ, ಬ್ರೇಕಿನಂತೆಯೇ ಸುರಕ್ಷತೆಯ ವಸ್ತು ಎನ್ನುವುದು ಆಗ ತಿಳಿಯುತ್ತದೆ.

ಒಂದೇ ಫ್ಯಾನು, ಎರಡು ಕೆಲಸ

ಬಿಸಿಗಾಳಿಗೆ ಒಂದು ಫ್ಯಾನು, ತಂಪುಗಾಳಿಗೆ ಇನ್ನೊಂದು ಎಂದು ತಿಳಿದವರಿದ್ದಾರೆ. ಸಾಮಾನ್ಯ ಕಾರುಗಳಲ್ಲಿ ಎರಡಕ್ಕೂ ಇರುವುದು ಒಂದೇ ಫ್ಯಾನು. ಇದನ್ನೇ ಬ್ಲೋಯರ್ ಎನ್ನುತ್ತಾರೆ. ಚಾಲಕನ ಪಕ್ಕದ ಸೀಟಿನವರ ಮೊಣಕಾಲಿನ ಎದುರಿಗೆ, ಕಾಗದಪತ್ರ ಇಡುವ ಖಾನೆಯ ಹಿಂಬದಿಯಲ್ಲಿ ಇದು ಸಾಮಾನ್ಯವಾಗಿ ಕುಳಿತಿರುತ್ತದೆ. ಅಳಿಲು ಓಡುವ ಪಂಜರದಂಥ ಒಂದು ಚಕ್ರ, ಅದನ್ನು ತಿರುಗಿಸುವ ಹನ್ನೆರಡು ವೋಲ್ಟಿನ ಒಂದು ಮೋಟಾರು. ಈ ಚಕ್ರ ತಳ್ಳಿದ ಗಾಳಿ ಎ.ಸಿ.ಯ ತಣ್ಣನೆಯ ಸುರುಳಿಯ ಮೂಲಕ ಹಾದುಹೋಗುತ್ತದೆ. ಬಿಸಿ ಬೇಕಾದಾಗ ಎಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರಿನ ಮೂಲಕವೂ ಹಾಯುತ್ತದೆ.

ಇದರಿಂದ ಒಂದು ಉಪಯುಕ್ತ ಸೂತ್ರ ಸಿಗುತ್ತದೆ. ಗಾಳಿ ರಭಸವಾಗಿ ಬಂದರೂ ತಂಪಿಲ್ಲವೆಂದರೆ ದೋಷ ಎ.ಸಿ.ಯ ಅನಿಲದಲ್ಲೋ ಕಂಪ್ರೆಸರಿನಲ್ಲೋ ಇದೆ, ಫ್ಯಾನಿನಲ್ಲಲ್ಲ. ಗಾಳಿಯೇ ಬಾರದಿದ್ದರೆ ಅನಿಲವನ್ನು ದೂರಬೇಕಾಗಿಲ್ಲ. ಫ್ಯಾನು ತಿರುಗದ ಕಾರಿಗೆ ಅನಿಲ ತುಂಬಿಸಿಕೊಂಡು ಬಂದರೆ ಆ ಹಣ ಗಾಳಿಗೆ ಹೋದಂತೆಯೂ ಅಲ್ಲ, ಗಾಳಿಯೂ ಬರುವುದಿಲ್ಲ!

ವೇಗ ಕಡಿಮೆ ಮಾಡುವುದು ಹೇಗೆ?

ಬ್ಯಾಟರಿ ಹನ್ನೆರಡು ವೋಲ್ಟಿನದು. ಒಂದು, ಎರಡು, ಮೂರು ಎಂದು ಗುಂಡಿ ತಿರುಗಿಸಿದರೆ ಬ್ಯಾಟರಿಯ ವೋಲ್ಟು ಬದಲಾಗುವುದಿಲ್ಲ. ಹಾಗಾದರೆ ಫ್ಯಾನಿನ ವೇಗ ಮಾತ್ರ ಬದಲಾಗುವುದು ಹೇಗೆ?

ಹಳೆಯ ಮನೆಗಳಲ್ಲಿ ಸೀಲಿಂಗ್ ಫ್ಯಾನಿಗೆ ದಪ್ಪ ಪೆಟ್ಟಿಗೆಯಂಥ ರೆಗ್ಯುಲೇಟರ್ ಇರುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಕಾರಿನಲ್ಲಿರುವುದೂ ಆ ಜಾತಿಯದೇ ಉಪಾಯ. ಮೋಟಾರಿನ ದಾರಿಯಲ್ಲಿ ಸರಣಿಯಾಗಿ ಕೆಲವು ತಂತಿ ಸುರುಳಿಗಳನ್ನು ಜೋಡಿಸಿರುತ್ತಾರೆ. ಇವೇ ರೋಧಕಗಳು. ಟೊಮೇಟೊ ತೋಟದ ಹನಿ ನೀರಾವರಿ ಪೈಪಿನಲ್ಲಿ ಗೇಟ್ ವಾಲ್ವನ್ನು ಅರ್ಧ ಮುಚ್ಚಿದಂತೆ ಈ ಸುರುಳಿಗಳು ವಿದ್ಯುತ್ ಪ್ರವಾಹಕ್ಕೆ ಅಡ್ಡಿ ಒಡ್ಡುತ್ತವೆ.

ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಲಿ, ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಕಾರಿನ ಮೋಟಾರು ಪೂರ್ಣ ವೇಗದಲ್ಲಿ 12 ವೋಲ್ಟಿಗೆ 12 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಓಮ್‌ನ ನಿಯಮದ ಪ್ರಕಾರ ಅದರ ರೋಧ 12 ಭಾಗಿಸು 12, ಅಂದರೆ 1 ಓಮ್. ತಿರುಗುವ ಮೋಟಾರು ಬರಿಯ ತಂತಿಯಲ್ಲ, ಎಂಜಿನ್ ಓಡುತ್ತಿರುವಾಗ ವೋಲ್ಟು 14ರ ಹತ್ತಿರವಿರುತ್ತದೆ. ಆದರೆ ಅಂದಾಜಿಗೆ ಈ ಲೆಕ್ಕ ಸಾಕು. ಇನ್ನು ರೋಧಕದ ತಟ್ಟೆಯಲ್ಲಿ ಮೂರು ಸುರುಳಿಗಳಿವೆ: ಮೋಟಾರಿನ ಕಡೆಯಿಂದ ಮೊದಲನೆಯದು ಅರ್ಧ ಓಮ್, ಎರಡನೆಯದು ಅರ್ಧ ಓಮ್, ಕೊನೆಯದು ಒಂದು ಓಮ್.

ಗುಂಡಿ ಮೂರರಲ್ಲಿದ್ದಾಗ ಮೊದಲ ಸುರುಳಿ ಮಾತ್ರ ದಾರಿಯಲ್ಲಿರುತ್ತದೆ. ಒಟ್ಟು ರೋಧ ಒಂದೂವರೆ ಓಮ್, ಪ್ರವಾಹ 8 ಆಂಪಿಯರ್. ಎರಡರಲ್ಲಿದ್ದಾಗ ಎರಡು ಸುರುಳಿಗಳು. ಒಟ್ಟು 2 ಓಮ್, ಪ್ರವಾಹ 6 ಆಂಪಿಯರ್. ಒಂದರಲ್ಲಿದ್ದಾಗ ಮೂರೂ ಸುರುಳಿಗಳು. ಒಟ್ಟು 3 ಓಮ್, ಪ್ರವಾಹ 4 ಆಂಪಿಯರ್. ಪ್ರವಾಹ ಇಳಿದಂತೆ ಫ್ಯಾನು ನಿಧಾನವಾಗುತ್ತದೆ. ನಾಲ್ಕರಲ್ಲಿ? ಯಾವ ಸುರುಳಿಯೂ ಇಲ್ಲ. ವಿದ್ಯುತ್ತು ರೋಧಕದ ತಟ್ಟೆಯನ್ನು ಬಳಸದೆ ಬದಿಯಿಂದ ನೇರವಾಗಿ ಹೋಗುತ್ತದೆ. ಒಗಟಿನ ಕೀಲಿ ಇರುವುದು ಇಲ್ಲೇ.

ದೋಷವೇ ಹೇಳುವ ಮಾತು

ಈಗ ಮೊದಲ ದೂರಿಗೆ ಬನ್ನಿ. ನಾಲ್ಕರಲ್ಲಿ ಫ್ಯಾನು ಓಡುತ್ತಿದೆ. ಅಂದರೆ ಬ್ಯಾಟರಿ ಸರಿ, ಫ್ಯೂಸು ಸರಿ, ಮೋಟಾರಿಗೆ ಜೀವವಿದೆ, ಬಾಡಿಗೆ ಸೇರುವ ಅರ್ಥ್ ತಂತಿಯೂ ಸರಿ. ಒಂದರಿಂದ ಮೂರರವರೆಗೆ ಓಡುತ್ತಿಲ್ಲ. ಈ ಮೂರಕ್ಕೂ ಸಮಾನವಾದದ್ದು, ನಾಲ್ಕಕ್ಕೆ ಮಾತ್ರ ಬೇಡವಾದದ್ದು ಯಾವುದು? ರೋಧಕದ ತಟ್ಟೆ. ಹಾಗಾದರೆ ಕಳ್ಳ ಅಲ್ಲೇ ಇರುವುದು ಬಹುತೇಕ ಖಚಿತ. ಒಂದು ಸ್ಕ್ರೂ ಸಹ ಬಿಚ್ಚದೆ, ಒಂದು ರೂಪಾಯಿ ಖರ್ಚಿಲ್ಲದೆ ನಾವು ಇಲ್ಲಿಗೆ ಬಂದೆವು.

ಇದೇ ರೀತಿ ಉಳಿದ ಲಕ್ಷಣಗಳನ್ನೂ ಓದಬಹುದು.

ಒಂದು ಮಾತ್ರ ಸತ್ತಿದೆ, ಎರಡು, ಮೂರು, ನಾಲ್ಕು ಓಡುತ್ತವೆ ಎಂದರೆ ಕೊನೆಯ ಸುರುಳಿ ತುಂಡಾಗಿರಬಹುದು. ಒಂದು, ಎರಡು ಸತ್ತು ಮೂರು, ನಾಲ್ಕು ಉಳಿದಿದ್ದರೆ ನಡುವಿನ ಸುರುಳಿ. ಮೂರೂ ಹೋಗಿದ್ದರೆ ಮೋಟಾರಿಗೆ ಹತ್ತಿರದ ಸುರುಳಿ, ಇಲ್ಲವೆ ತಟ್ಟೆಯ ಮೇಲೆ ಕಾವಲಿಗೆಂದೇ ಇಟ್ಟಿರುವ ಉಷ್ಣ ಫ್ಯೂಸು. ಹೆಚ್ಚಿನ ಪ್ರಕರಣಗಳಲ್ಲಿ ಹೋಗುವುದು ಈ ಉಷ್ಣ ಫ್ಯೂಸೇ. ತಟ್ಟೆ ಅಪಾಯದಷ್ಟು ಕಾದರೆ ತಾನು ಕರಗಿ ದಾರಿ ಕಡಿದು ಬೆಂಕಿಯನ್ನು ತಪ್ಪಿಸುವುದು ಅದರ ಧರ್ಮ.

ಒಂದು, ಎರಡು, ಮೂರು ಸರಿಯಾಗಿದ್ದು ನಾಲ್ಕು ಮಾತ್ರ ಇಲ್ಲವೆಂದರೆ ರೋಧಕ ನಿರಪರಾಧಿ. ಸ್ವಿಚ್ಚಿನ ನಾಲ್ಕನೆಯ ಸಂಪರ್ಕ ಸುಟ್ಟಿರಬಹುದು; ಕೆಲವು ಕಾರುಗಳಲ್ಲಿ ಪೂರ್ಣ ವೇಗಕ್ಕೆಂದೇ ಬೇರೆ ರಿಲೇ, ಬೇರೆ ಫ್ಯೂಸು ಇರುತ್ತವೆ, ಅವನ್ನು ನೋಡಬೇಕು.

ನಾಲ್ಕರಲ್ಲೂ ಇಲ್ಲವೆಂದರೆ ಮೊದಲು ಫ್ಯೂಸು, ಅನಂತರ ರಿಲೇ, ತಂತಿಯ ಕೂಡುತುದಿ, ಅರ್ಥ್, ಕೊನೆಗೆ ಮೋಟಾರು. ಫ್ಯಾನು ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದು ಮೋಟಾರಿನ ಬಳಿ ಮೆಲ್ಲಗೆ ತಟ್ಟಿದರೆ ಮತ್ತೆ ಓಡುತ್ತದೆ ಎಂದರೆ ಮೋಟಾರಿನೊಳಗಿನ ಇಂಗಾಲದ ಬ್ರಷ್‌ಗಳು ಸವೆದಿರುವ ಸಂಭವ ಹೆಚ್ಚು. ಎಲ್ಲ ವೇಗದಲ್ಲೂ ಓಡುತ್ತದೆ, ಆದರೆ ಕಿರ್ರೆನ್ನುತ್ತದೆ, ಗಾಳಿ ಸಾಲದು ಎಂದರೆ ಬೇರಿಂಗು ಒಣಗಿರಬಹುದು ಅಥವಾ ಚಕ್ರದೊಳಗೆ ತರಗೆಲೆ ಸೇರಿರಬಹುದು. ಸದ್ದು ಜೋರಾಗಿದ್ದೂ ಮುಖಕ್ಕೆ ಗಾಳಿ ಬಾರದಿದ್ದರೆ ಫಿಲ್ಟರು ಧೂಳಿನಿಂದ ಕಟ್ಟಿದೆ ಎನ್ನಬಹುದು.

ವೈದ್ಯರು ‘ಎಲ್ಲಿ ನೋವು, ಯಾವಾಗ ಹೆಚ್ಚು, ಯಾವಾಗ ಕಡಿಮೆ’ ಎಂದು ಕೇಳುತ್ತಾರಲ್ಲ, ಇದೂ ಹಾಗೆಯೇ. ಗ್ಯಾರೇಜಿಗೆ ಹೋಗಿ ‘ಎ.ಸಿ. ಸರಿಯಿಲ್ಲ’ ಎನ್ನುವುದಕ್ಕೂ ‘ಒಂದು, ಎರಡು, ಮೂರರಲ್ಲಿ ಫ್ಯಾನಿಲ್ಲ, ನಾಲ್ಕರಲ್ಲಿದೆ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಮೆಕ್ಯಾನಿಕ್ಕನನ್ನು ಊಹೆಗೆ ತಳ್ಳುತ್ತದೆ, ಎರಡನೆಯದು ಅವನನ್ನು ನೇರವಾಗಿ ರೋಗದ ಬಳಿಗೆ ಕರೆದೊಯ್ಯುತ್ತದೆ. ಎಷ್ಟೋ ಸಾಮಾನ್ಯ ಕಾರುಗಳಲ್ಲಿ ರೋಧಕದ ತಟ್ಟೆಯ ಬೆಲೆ ಕೆಲವು ನೂರು ರೂಪಾಯಿ. ಮೋಟಾರಿನ ಬೆಲೆ ಅದರ ಹಲವು ಪಟ್ಟು.

ಸುಟ್ಟದ್ದು ಸಾಕ್ಷಿಯೋ, ಅಪರಾಧಿಯೋ?

ಹೊಸ ರೋಧಕ ಹಾಕಿಸಿ ಮನೆಗೆ ಬಂದದ್ದಾಯಿತು. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ‘ಡೂಪ್ಲಿಕೇಟ್ ಸಾಮಾನು ಹಾಕಿದ್ದಾರೆ’ ಎಂದು ಬೈಯುವ ಮೊದಲು ಇನ್ನೊಂದು ಲೆಕ್ಕ ನೋಡಬೇಕು.

ರೋಧಕದಲ್ಲಿ ಹುಟ್ಟುವ ಶಾಖ ಎಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು. ಇದು ಜೌಲ್‌ನ ನಿಯಮ, ಇದೂ ಶಾಲೆಯ ಪಾಠವೇ. ನಮ್ಮ ಉದಾಹರಣೆಯಲ್ಲಿ ಮೂರನೆಯ ವೇಗಕ್ಕೆ 8ರ ವರ್ಗ 64, ಅದರ ಅರ್ಧ 32 ವಾಟ್. ಎರಡನೆಯ ವೇಗಕ್ಕೆ 6ರ ವರ್ಗ 36, ಒಂದರಿಂದ ಗುಣಿಸಿದರೆ 36 ವಾಟ್. ಒಂದನೆಯ ವೇಗಕ್ಕೆ 4ರ ವರ್ಗ 16, ಎರಡರಿಂದ ಗುಣಿಸಿದರೆ ಮತ್ತೆ 32 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಾಲ್ಡರಿಂಗ್ ಕಡ್ಡಿಯೂ ಹೆಚ್ಚುಕಡಿಮೆ ಇಷ್ಟೇ ವಾಟಿನದು. ಅಂಥದೊಂದು ಕಾದ ಕಡ್ಡಿ ನಿಮ್ಮ ಕಾರಿನ ಪ್ಲಾಸ್ಟಿಕ್ ಗೂಡಿನೊಳಗೆ ಗಂಟೆಗಟ್ಟಲೆ ಉರಿಯುತ್ತಿದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಹಾಗಾದರೆ ಅದು ಕರಗುವುದಿಲ್ಲವೇಕೆ? ಅದನ್ನು ಫ್ಯಾನಿನ ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ. ಫ್ಯಾನು ಬೀಸುವ ಗಾಳಿಯೇ ರೋಧಕವನ್ನು ತಣ್ಣಗಿಡುತ್ತದೆ. ಎಷ್ಟು ಸರಳವಾದ ಜಾಣತನ! ಆದರೆ ಗಾಳಿಯ ದಾರಿ ಕಟ್ಟಿದರೆ ಈ ಜಾಣತನ ಕೈಕೊಡುತ್ತದೆ.

ನಮ್ಮ ಸೀಮೆಯಲ್ಲಿ ಗಾಳಿಯ ದಾರಿ ಕಟ್ಟಲು ಕಾರಣಗಳಿಗೆ ಬರವಿಲ್ಲ. ಮಾಲೂರಿನ ಕಡೆ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ನಡುವೆ ಓಡಾಡುವ ಕಾರಿನ ಫಿಲ್ಟರು ತೆಗೆದು ನೋಡಿದರೆ ಕೆಮ್ಮಣ್ಣಿನ ಪದರ ಕಾಣುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನೆರಳಿದೆಯೆಂದು ನಿಲ್ಲಿಸಿದ ಕಾರಿನ ವೈಪರಿನ ಬುಡದ ಜಾಲರಿಯಲ್ಲಿ ಹೂವಿನ ಹುಡಿ, ಒಣಗಿದ ಎಲೆ, ಕಡ್ಡಿ ಸೇರಿಕೊಳ್ಳುತ್ತವೆ. ಹೊರಗಿನ ಗಾಳಿ ಒಳಗೆ ಬರುವುದು ಆ ಜಾಲರಿಯಿಂದಲೇ. ಫಿಲ್ಟರು ಇಲ್ಲದ ಹಳೆಯ ಕಾರಾದರೆ ಈ ಕಸವೆಲ್ಲ ನೇರ ಫ್ಯಾನಿನ ಚಕ್ರಕ್ಕೆ. ಇಲಿ ಗೂಡು ಕಟ್ಟಿದ್ದೂ ಉಂಟು.

ಎರಡನೆಯ ಕಾರಣ ಮೋಟಾರೇ. ಬೇರಿಂಗು ಒಣಗಿ ಬಿಗಿಯಾದ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಎಳೆಯುತ್ತದೆ. ಪ್ರವಾಹ ಹೆಚ್ಚಿದರೆ ಶಾಖ ಅದರ ವರ್ಗದಷ್ಟು ಹೆಚ್ಚುತ್ತದೆ. ಅತ್ತ ಫ್ಯಾನು ನಿಧಾನವಾದದ್ದರಿಂದ ತಣಿಸುವ ಗಾಳಿ ಕಡಿಮೆ. ಎರಡೂ ಕಡೆಯಿಂದ ಪೆಟ್ಟು ತಿಂದ ರೋಧಕ ಸುಡುತ್ತದೆ. ಇಲ್ಲಿ ಸುಟ್ಟ ರೋಧಕ ಸಾಕ್ಷಿ ಮಾತ್ರ, ಅಪರಾಧಿ ಮೋಟಾರು. ಸಾಕ್ಷಿಯನ್ನು ಬದಲಾಯಿಸಿ ಅಪರಾಧಿಯನ್ನು ಬಿಟ್ಟುಬಂದರೆ ಅಪರಾಧ ಮರುಕಳಿಸದೆ ಏನು ಮಾಡೀತು?

‘ನಾಲ್ಕಾದರೂ ಇದೆಯಲ್ಲ’ ಎನ್ನುವವರು ಕಿವಿಗೊಡಬೇಕಾದ ಮಾತು ಇದು. ಕೆಳಗಿನ ಮೂರು ವೇಗ ಸತ್ತದ್ದು ಹಲವು ಬಾರಿ ಮುನ್ನೆಚ್ಚರಿಕೆ. ಬಿಗಿಯಾಗುತ್ತಿರುವ ಮೋಟಾರು ಮುಂದೊಂದು ದಿನ ನಾಲ್ಕರಲ್ಲೂ ನಿಲ್ಲುತ್ತದೆ. ಅದು ಮಳೆಯ ರಾತ್ರಿಯೋ ಮಂಜಿನ ನಸುಕೋ ಆಗಿದ್ದರೆ ಮುಂಗಾಜು ಬೆಳ್ಳಗಾಗುತ್ತದೆ, ಎದುರಿನ ಲಾರಿಯ ದೀಪ ಮಬ್ಬಾಗುತ್ತದೆ. ಹಾಗೇನಾದರೂ ಆದರೆ ಟವೆಲು ಹಿಡಿದು ಓಡಿಸಬೇಡಿ. ಕಿಟಕಿ ಇಳಿಸಿ, ವೇಗ ತಗ್ಗಿಸಿ, ರಸ್ತೆಯ ಬದಿಗೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಫ್ಯಾನು ಸರಿಯಿರುವ ಕಾರಿನಲ್ಲಾದರೆ ಗಾಳಿಯನ್ನು ಮುಂಗಾಜಿನ ಕಡೆ ತಿರುಗಿಸಿ, ಹೊರಗಾಳಿ ಒಳಬರುವಂತೆ ಇಟ್ಟು, ಬಿಸಿಯ ಜೊತೆಗೆ ಎ.ಸಿ.ಯನ್ನೂ ಹಾಕಿ. ಚಳಿಯಲ್ಲಿ ಎ.ಸಿ. ಏಕೆ ಎಂದು ಮಕ್ಕಳು ಕೇಳಿದರೆ, ಎ.ಸಿ.ಯ ತಣ್ಣನೆಯ ಸುರುಳಿ ಗಾಳಿಯ ತೇವವನ್ನು ತಾನೇ ಹನಿಯಾಗಿಸಿ ಹೊರಹಾಕುತ್ತದೆ, ಒಣಗಿದ ಗಾಳಿ ಗಾಜಿನ ಆವಿಯನ್ನು ಬೇಗ ಹೀರುತ್ತದೆ ಎಂದು ಹೇಳಿ.

ಪರೀಕ್ಷಿಸುವ ಕ್ರಮ

ಹಿರಿಯರು ಜೊತೆಯಲ್ಲಿದ್ದು ಹೈಸ್ಕೂಲು, ಕಾಲೇಜು ಮಕ್ಕಳು ಮಾಡಬಹುದಾದ ಪರೀಕ್ಷೆಗಳಿವು. ಎಂಜಿನ್ ಓಡಿಸಬೇಕಾಗಿ ಬಂದರೆ ಕಾರು ಬಯಲಿನಲ್ಲಿರಲಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯ.

ಮೊದಲು ಕೀಲಿ ತಿರುಗಿಸಿ, ಎಂಜಿನ್ ಓಡಿಸದೆ, ಒಂದೊಂದೇ ವೇಗಕ್ಕೆ ಗುಂಡಿ ತಿರುಗಿಸಿ ಕಿವಿಗೊಟ್ಟು ಕೇಳಿ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ, ಕಾಗದದ ಮೇಲೆ ಬರೆಯಿರಿ. ಅರ್ಧ ರೋಗನಿರ್ಣಯ ಇದರಲ್ಲೇ ಮುಗಿಯುತ್ತದೆ.

ಎರಡನೆಯದಾಗಿ ಗಾಳಿಯ ದಾರಿ. ವೈಪರಿನ ಬುಡದ ಕಸ ತೆಗೆಯಿರಿ. ಫಿಲ್ಟರು ಇದ್ದರೆ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಹೊಸದು ಹಾಕಿ.

ಮೂರನೆಯದಾಗಿ ಫ್ಯೂಸು. ಕಾರಿನ ಕೈಪಿಡಿಯಲ್ಲೋ ಫ್ಯೂಸು ಪೆಟ್ಟಿಗೆಯ ಮುಚ್ಚಳದ ಮೇಲೋ ಯಾವುದು ಬ್ಲೋಯರಿನದು ಎಂದು ಬರೆದಿರುತ್ತದೆ. ಕೀಲಿ ತೆಗೆದು ಅದನ್ನು ಎಳೆದು ನೋಡಿ, ನಡುವಿನ ತಂತಿ ತುಂಡಾಗಿದೆಯೇ? ಆಗಿದ್ದರೆ ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನೇ ಹಾಕಬೇಕು. ಕಾರಿನ ಫ್ಯೂಸುಗಳಿಗೆ ಬಣ್ಣದ ಗುರುತಿದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹಳದಿ ಪದೇ ಪದೇ ಹೋಗುತ್ತದೆ ಎಂದು ಹಸಿರು ಹಾಕುವವರಿದ್ದಾರೆ. ಇನ್ನೂ ಕೆಲವರು ತಾಮ್ರದ ತಂತಿ ಸುತ್ತುತ್ತಾರೆ. ಇದು ಮನೆಯ ಕಾವಲುಗಾರನನ್ನು ಓಡಿಸಿ ಬಾಗಿಲು ತೆರೆದಿಟ್ಟಂತೆ. ಫ್ಯೂಸು ಕರಗದಿದ್ದರೆ ಡ್ಯಾಷ್‌ಬೋರ್ಡಿನ ಹಿಂದಿನ ತಂತಿ ಕಾಯುತ್ತದೆ, ಅದರ ಹೊದಿಕೆ ಹೊತ್ತಿಕೊಳ್ಳುತ್ತದೆ. ಹೊಸ ಫ್ಯೂಸು ಹಾಕಿದೊಡನೆ ಹೋದರೆ ಎಲ್ಲೋ ಷಾರ್ಟ್ ಆಗಿದೆ ಅಥವಾ ಮೋಟಾರು ಸಿಕ್ಕಿಹಾಕಿಕೊಂಡಿದೆ. ಕೆಲವು ನಿಮಿಷ ಓಡಿ ಹೋದರೆ ಮೋಟಾರು ಅತಿಯಾಗಿ ಪ್ರವಾಹ ಎಳೆಯುತ್ತಿದೆ ಎಂದು ಅರ್ಥ.

ನಾಲ್ಕನೆಯದಾಗಿ ರೋಧಕ. ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದ ಮೇಲೆ ಈ ಕೆಲಸ. ಈಗಷ್ಟೇ ಫ್ಯಾನು ಓಡಿದ್ದರೆ ರೋಧಕ ಆರಲು ಬಿಡಿ, ಕೈ ಸುಟ್ಟೀತು. ಸಾಮಾನ್ಯವಾಗಿ ಬ್ಲೋಯರಿನ ಪಕ್ಕದಲ್ಲೇ ಎರಡು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ತಂತಿಗಳ ಕೂಡುತುದಿಯನ್ನು ಎಳೆದು ನೋಡಿ. ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿದೆಯೇ, ಕರಗಿದೆಯೇ? ಕರಗಿದ್ದರೆ ಅದನ್ನೂ ಬದಲಿಸಬೇಕು. ಅನಂತರ ಮಲ್ಟಿಮೀಟರನ್ನು ಓಮ್‌ನ ಕನಿಷ್ಠ ಅಳತೆಗೆ ಇಟ್ಟು ಕಾಲುಗಳ ನಡುವೆ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಸುರುಳಿ ಜೀವಂತ. ಮೀಟರು ಅಳತೆಗೆ ಸಿಗದ ಗುರುತು ತೋರಿಸಿದರೆ ದಾರಿ ಕಡಿದಿದೆ.

ಐದನೆಯದಾಗಿ ಮೋಟಾರು. ಹೊಸ ರೋಧಕ ಹಾಕುವ ಮೊದಲು ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಲು ಮೆಕ್ಯಾನಿಕ್ಕಿಗೆ ಹೇಳಿ. ಸಲೀಸಾಗಿ ತಿರುಗಬೇಕು. ಅವರಲ್ಲಿ ಇಕ್ಕಳದ ಮೀಟರು ಇದ್ದರೆ ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತದೆ ಎಂದೂ ಅಳೆಯಬಹುದು.

ಮುಟ್ಟಬಾರದ್ದು ಎರಡು. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವುಗಳ ತಂಟೆಗೆ ಹೋಗಬಾರದು. ಎ.ಸಿ.ಯ ಅನಿಲದ ಪೈಪುಗಳಲ್ಲಿ ಒತ್ತಡವಿರುತ್ತದೆ, ಅವನ್ನು ಬಿಚ್ಚಬಾರದು. ಇನ್ನು ತಾಪವನ್ನು ತಾನೇ ಹೊಂದಿಸಿಕೊಳ್ಳುವ ಎ.ಸಿ. ಇರುವ ಹೊಸ ಕಾರುಗಳಲ್ಲಿ ಸುರುಳಿಗಳ ಬದಲು ಟ್ರಾನ್ಸಿಸ್ಟರಿನ ಒಂದು ಘಟಕ ವೇಗವನ್ನು ನಿಯಂತ್ರಿಸುತ್ತದೆ. ಅಲ್ಲಿ ಮೇಲಿನ ಲಕ್ಷಣಗಳ ಪಟ್ಟಿ ಹಾಗೆಯೇ ಅನ್ವಯಿಸುವುದಿಲ್ಲ. ಪರೀಕ್ಷೆಯನ್ನು ತಿಳಿದವರಿಗೇ ಬಿಡಬೇಕು. ಆದರೆ ಫಿಲ್ಟರು, ಫ್ಯೂಸು, ಮೋಟಾರಿನ ಮಾತು ಅಲ್ಲಿಗೂ ಸಲ್ಲುತ್ತದೆ.

ಚಿನ್ನದ ಗಣಿಗೆ ಬಂದ ತಂತಿ

ಕೂಡುತುದಿ ಕರಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ದೂರ ಸುಮಾರು 147 ಕಿಲೋಮೀಟರು. ಆ ಕಾಲಕ್ಕೆ ಅದು ಜಗತ್ತೇ ತಿರುಗಿ ನೋಡಿದ ಸಾಹಸ. ಅಷ್ಟು ದೂರದ ತಂತಿಯಲ್ಲಿ ವಿದ್ಯುತ್ತು ಶಾಖವಾಗಿ ಸೋರಿಹೋಗದಿರಲು ಎಂಜಿನಿಯರರು ಮಾಡಿದ್ದೇನು? ವೋಲ್ಟನ್ನು ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲದಂತೆ ಏರಿಸಿದರು. ವೋಲ್ಟು ಹೆಚ್ಚಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಸಣ್ಣ ಪ್ರವಾಹ ಸಾಕು. ಪ್ರವಾಹ ಸಣ್ಣದಾದರೆ ಅದರ ವರ್ಗ ಇನ್ನೂ ಸಣ್ಣದು, ನಷ್ಟವೂ ಸಣ್ಣದು.

ಕಾರಿನಲ್ಲಿರುವುದು ಇದರ ತಿರುಗುಮುರುಗು. ವೋಲ್ಟು ಬರೀ ಹನ್ನೆರಡು, ಆದ್ದರಿಂದ ಪ್ರವಾಹ ದೊಡ್ಡದು. ತುಕ್ಕು ಹಿಡಿದು ಸಡಿಲವಾದ ಒಂದು ಕೂಡುತುದಿಯಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗ ರೋಧ ಸೇರಿಕೊಂಡರೂ ನಮ್ಮ ಉದಾಹರಣೆಯ ಮೋಟಾರು ಪೂರ್ಣ ವೇಗದಲ್ಲಿ ಓಡುವಾಗ ಆ ಚುಕ್ಕಿಯಲ್ಲಿ ಸುಮಾರು 12 ವಾಟ್ ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟು ಜಾಗಕ್ಕೆ ಅದು ಸಾಕಷ್ಟಾಯಿತು. ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಗೆ ಬಂದ ತಂತಿಯ ಪಾಠ ನಮ್ಮ ಡ್ಯಾಷ್‌ಬೋರ್ಡಿನ ಹಿಂದೆ ಇನ್ನೂ ನಡೆಯುತ್ತಿದೆ.

ತಂದೆತಾಯಿಗಳಿಗೆ ಒಂದು ಮಾತು

‘ಓದದಿದ್ದರೆ ಗ್ಯಾರೇಜಿಗೆ ಸೇರಿಸುತ್ತೇನೆ’ ಎಂದು ಮಕ್ಕಳನ್ನು ಹೆದರಿಸುವ ಮನೆಗಳಿವೆ. ಮೇಲಿನ ಲೆಕ್ಕಗಳನ್ನು ನೋಡಿದ ಮೇಲೆ ಹೇಳಿ, ಗ್ಯಾರೇಜಿನ ಕೆಲಸ ಓದದವರ ಕೆಲಸವೇ? ಊಹೆಯಿಂದ ಒಂದಾದ ಮೇಲೊಂದು ಸಾಮಾನು ಬದಲಿಸುವವನಿಗೂ, ಲಕ್ಷಣ ನೋಡಿ ಕಾರಣ ಹುಡುಕುವವನಿಗೂ ನಡುವೆ ಇರುವುದು ಶಾಲೆಯ ಆ ಒಂದು ಪಾಠ. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ಕಿನ ಎರಡು ವರ್ಷದ ತರಬೇತಿ ಇದೆ. ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ವಿಭಾಗದ ಮೂರು ವರ್ಷದ ಡಿಪ್ಲೊಮಾ ಇದೆ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ಮೇಲೆ ವಾಹನೋದ್ಯಮ ನಮ್ಮ ಮಕ್ಕಳಿಗೆ ದೂರದ ಮಾತಾಗಿ ಉಳಿದಿಲ್ಲ.

ಓಮ್‌ನ ನಿಯಮಕ್ಕೆ ಹೆಸರು ಕೊಟ್ಟ ಜಾರ್ಜ್ ಸೈಮನ್ ಓಮ್ ಯಾರ ಮಗ ಗೊತ್ತೇ? ಜರ್ಮನಿಯಲ್ಲಿ ಬೀಗ ಮಾಡುವ ಕಸುಬಿನವನ ಮಗ. ತಂದೆ ಸ್ವಂತ ಪರಿಶ್ರಮದಿಂದ ಓದಿಕೊಂಡು ಮಕ್ಕಳಿಗೆ ಮನೆಯಲ್ಲೇ ಗಣಿತ, ವಿಜ್ಞಾನ ಹೇಳಿಕೊಟ್ಟ. ಮಗ ಮುಂದೆ ಶಾಲಾ ಮೇಷ್ಟರಾಗಿದ್ದಾಗ ಕೈಯಾರೆ ಉಪಕರಣ ಕಟ್ಟಿ ಪ್ರಯೋಗ ಮಾಡಿ 1827ರಲ್ಲಿ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ. ಅವನ ನಾಡಿನ ಪಂಡಿತರು ಮೊದಮೊದಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲೆ ಪದಕ ಕೊಟ್ಟ ಮೇಲೆ ಅವನ ಬೆಲೆ ತಿಳಿಯಿತು. ಬೀಗದ ಕಸುಬಿನವನ ಮನೆಯಲ್ಲಿ ಕೈಗೂ ಪುಸ್ತಕಕ್ಕೂ ಜಗಳವಿರಲಿಲ್ಲ. ನಮ್ಮ ಮನೆಗಳಲ್ಲೂ ಇರಬೇಕಾಗಿಲ್ಲ.

ಮುಂದಿನ ಭಾನುವಾರ ಕಾರು ತೊಳೆಯುವಾಗ ಮಕ್ಕಳ ಕೈಗೆ ಒಂದು ಕಾಗದ, ಪೆನ್ಸಿಲು ಕೊಡಿ. ಫ್ಯಾನಿನ ನಾಲ್ಕು ವೇಗಗಳನ್ನೂ ಪರೀಕ್ಷಿಸಿ ಬರೆಯಲಿ. ವೈಪರಿನ ಬುಡದ ತರಗೆಲೆ ತೆಗೆಯಲಿ, ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಲಿ. ಎಲ್ಲವೂ ಸರಿಯಿದ್ದರೆ ಈ ಪ್ರಶ್ನೆ ಕೇಳಿ: ಒಂದು, ಎರಡು ಓಡುವುದಿಲ್ಲ, ಮೂರು, ನಾಲ್ಕು ಓಡುತ್ತವೆ ಎಂದಾದರೆ ಯಾವ್ಯಾವ ಭಾಗ ಖಂಡಿತ ಸರಿಯಿದೆ, ಯಾವುದರ ಮೇಲೆ ಅನುಮಾನ? ಕೆಟ್ಟದ್ದನ್ನು ಹುಡುಕುವ ಮೊದಲು ಸರಿಯಿರುವುದನ್ನೆಲ್ಲ ಒಂದೊಂದಾಗಿ ಹೊಡೆದುಹಾಕುತ್ತಾ ಬಂದರೆ ಮಗು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ.